ಕುಳ ಹೋಯಿತು, ಅಲಗು ಉಳಿದಿದೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕುಲುಮೆ ಯಾಕೆ ನಿಂತಿತು ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ಎತ್ತಿನ ಹಿಂದೆ ನೇಗಿಲು ಹೋಯಿತು, ನೇಗಿಲಿನ ಹಿಂದೆ ಕಮ್ಮಾರನೂ ಹೋದ. ಕೇಳಲು ಸರಾಗವಾಗಿದೆ, ಅದಕ್ಕೇ ಯಾರೂ ಇದನ್ನು ಒರೆಗೆ ಹಚ್ಚುವ ಗೋಜಿಗೆ ಹೋಗುವುದಿಲ್ಲ. ಆದರೆ ಇದೇ ಸೀಮೆಯಲ್ಲಿ ಕಬ್ಬನ್ನು ಇವತ್ತಿಗೂ ಬಹುಪಾಲು ಮಚ್ಚಿನಿಂದಲೇ ಕಡಿಯುತ್ತಾರೆ. ಮದ್ದೂರಿನ ಮಾರುಕಟ್ಟೆಯಿಂದ ಲಾರಿ ಲಾರಿ ಹೊರಡುವ ಎಳನೀರು ಮರದಿಂದ ಇಳಿಯುವುದು ಅಲಗಿನ ಏಟಿಗೆ, ದೂರದ ಊರಿನ ಬೀದಿಯಲ್ಲಿ ಬಾಯಿ ತೆರೆಯುವುದೂ ಅಲಗಿನ ಏಟಿಗೇ. ಹಿಪ್ಪುನೇರಳೆ ಕಡ್ಡಿ ಕುಡ್ಲಿಲ್ಲದೆ ಹುಳುವಿನ ಮನೆ ಸೇರುವುದಿಲ್ಲ. ಕಳೆ, ಬದು, ಬೇಲಿ, ಸೌದೆ, ಕುರಿಯ ಸೊಪ್ಪು, ಅಡುಗೆಮನೆಯ ಈಳಿಗೆ, ಇವೆಲ್ಲಕ್ಕೂ ಕೈಯಲ್ಲಿ ಹಿಡಿದ ಕಬ್ಬಿಣವೇ ಬೇಕು. ಉಳುಮೆಯ ಕೆಲಸ ಕಮ್ಮಾರನ ಕೈತಪ್ಪಿತು ನಿಜ. ಕೊಯ್ಯುವ, ಕಡಿಯುವ, ಕೆತ್ತುವ ಕೆಲಸ ಎಲ್ಲೂ ಹೋಗಿಲ್ಲ. ಕೆಲಸ ಇಷ್ಟು ಉಳಿದಿರುವಾಗ ಕುಲುಮೆ ಮಾತ್ರ ಯಾಕೆ ಆರಿತು? ಆ ಕೆಲಸಕ್ಕೆ ಕೂಲಿ ಬರುತ್ತಿದ್ದ ದಾರಿ ಮುಚ್ಚಿಹೋಯಿತು, ಹೊಸ ದಾರಿಯನ್ನು ಯಾರೂ ಕಟ್ಟಲಿಲ್ಲ ಎಂಬುದು ಈ ಲೇಖನದ ವಾದ.

ಕಮ್ಮಾರ ಎಂದೊಡನೆ ಕಾದ ಕಬ್ಬಿಣದಿಂದ ಹೊಸ ವಸ್ತುವೊಂದನ್ನು ತೆಗೆಯುವವನ ಚಿತ್ರ ಕಣ್ಣಮುಂದೆ ಬರುತ್ತದೆ. ಹಳ್ಳಿಯ ಕುಲುಮೆಯ ದಿನಚರಿಯಲ್ಲಿ ಹೊಸ ವಸ್ತುವಿನ ಪಾಲು ಚಿಕ್ಕದು, ದುರಸ್ತಿಯ ಪಾಲು ದೊಡ್ಡದು. ಮಂಡ್ಯ ಜಿಲ್ಲೆಯ ಬಹುಭಾಗ ಮರಳು ಬೆರೆತ ಕೆಂಪು ಮಣ್ಣು. ಆ ಮರಳಿನ ಬೆಣಚುಕಲ್ಲಿನ ಕಣ ಮೆದು ಕಬ್ಬಿಣಕ್ಕಿಂತ ಗಟ್ಟಿ. ಉಳುವಾಗ ಅದು ನೇಗಿಲ ಕುಳದ ಮೂತಿಯನ್ನು ಅರ ಉಜ್ಜಿದ ಹಾಗೆ ತಿನ್ನುತ್ತದೆ. ಮೂತಿ ಮೊಂಡಾದ ಕುಳ ನೆಲಕ್ಕಿಳಿಯದು, ಎತ್ತಿಗೆ ಭಾರ, ಉಳುವವನ ರಟ್ಟೆಗೂ ಭಾರ. ಕುಲುಮೆಗೆ ತಂದು, ಕಾಯಿಸಿ, ಅಡಿಗಲ್ಲಿನ ಮೇಲೆ ತಟ್ಟಿ ಎಳೆದರೆ ಮತ್ತೆ ಮೂತಿ ಬರುತ್ತದೆ. ತಟ್ಟಿ ತಟ್ಟಿ ಗಿಡ್ಡವಾದ ಮೇಲೆ ಹೊಸ ತುಂಡೊಂದನ್ನು ಬೆಸೆಯಬೇಕು. ಯುಗಾದಿಯ ಹೊನ್ನಾರಿನ ಮುಂಚಿನ ದಿನಗಳಲ್ಲಿ ಕುಳಗಳು ಕುಲುಮೆಯ ಮುಂದೆ ಸಾಲುಗಟ್ಟುತ್ತಿದ್ದವು, ಕೊಯ್ಲಿಗೆ ಮುಂಚೆ ಕುಡ್ಲುಗಳು. ಗಾಡಿ ಚಕ್ರದ ಕಬ್ಬಿಣದ ಪಟ್ಟೆ ಸಡಿಲವಾದರೆ ಅದನ್ನು ಕತ್ತರಿಸಿ, ಬೆಸೆದು, ಬೆರಣಿಯ ಬೆಂಕಿಯಲ್ಲಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯಬೇಕು. ಗುದ್ದಲಿಗೆ ಬಾಯಿ, ಕೊಡಲಿಗೆ ಹದ, ಬಾಗಿಲಿಗೆ ಚಿಲಕ, ಹೀಗೆ ವರ್ಷವಿಡೀ ಒಂದೇ ವಸ್ತು ಮತ್ತೆ ಮತ್ತೆ ಅದೇ ಕುಲುಮೆಗೆ ಮರಳುತ್ತಿತ್ತು. ಹಳ್ಳಿ ತನ್ನ ಕಮ್ಮಾರನಿಂದ ಸಾಮಾನಿಗಿಂತ ಹೆಚ್ಚಾಗಿ ಪಡೆಯುತ್ತಿದ್ದುದು ಹರಿತವನ್ನು.

ಈ ಮಾತು ಹಿಡಿದುಕೊಂಡರೆ ಹಳೆಯ ಕೂಲಿಯ ಕ್ರಮ ಅರ್ಥವಾಗುತ್ತದೆ. ಹಳೆ ಮೈಸೂರಿನ ಹಳ್ಳಿಗಳ ಹನ್ನೆರಡು ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಒಂದೊಂದು ಕೆಲಸಕ್ಕೆ ಒಂದೊಂದು ದುಡ್ಡು ಎಂಬ ಲೆಕ್ಕ ಅವನಿಗಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿಯೋ ಭತ್ತವೋ ಇಷ್ಟೆಂದು ಅಳೆದು ಕೊಡುತ್ತಿದ್ದರು, ಜೊತೆಗೆ ಒಂದಿಷ್ಟು ಹುಲ್ಲು. ಪ್ರತಿಯಾಗಿ ವರ್ಷವಿಡೀ ಆ ಮನೆಯ ಕಬ್ಬಿಣವನ್ನು ಕೆಲಸಕ್ಕೆ ಬರುವಂತೆ ಇಡುವುದು ಅವನ ಹೊಣೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಇದು ವಾರ್ಷಿಕ ನಿರ್ವಹಣಾ ಗುತ್ತಿಗೆ. ಇದರ ಜಾಣತನ ಎರಡು ಕಡೆ ಇದೆ. ಒಮ್ಮೆ ತಟ್ಟಿಸಿದರೆ ಇಷ್ಟು ಖರ್ಚು ಎಂಬ ಅಂಜಿಕೆ ಇಲ್ಲದ ರೈತ ಕುಳ ಪೂರ್ತಿ ಸವೆಯುವ ತನಕ ಕಾಯುತ್ತಿರಲಿಲ್ಲ. ಕಮ್ಮಾರನಿಗೋ, ಕೆಟ್ಟದಾಗಿ ಹದ ಹಾಕಿದ ಕುಡ್ಲು ವಾರದಲ್ಲಿ ಹಿಂದಕ್ಕೆ ಬಂದರೆ ಇದ್ದಿಲು ತನ್ನದೇ, ಬೆವರು ತನ್ನದೇ. ಗಟ್ಟಿ ಕೆಲಸ ಮಾಡುವುದರಲ್ಲಿ ಅವನಿಗೇ ಲಾಭ. ಹಾಗೆಂದು ಇದನ್ನು ರಾಮರಾಜ್ಯ ಎನ್ನಬೇಕಿಲ್ಲ. ಅಳತೆ ನಿರ್ಧರಿಸುತ್ತಿದ್ದವರು ಹೊಲ ಇದ್ದವರು. ಬರ ಬಂದರೆ ಕಮ್ಮಾರನ ಪಾಲೂ ಬರವೇ. ಮಗ ಬೇರೆ ಕಸುಬಿಗೆ ಹೋಗುತ್ತೇನೆಂದರೆ ಊರು ಹುಬ್ಬೇರಿಸುತ್ತಿತ್ತು. ಆ ಮಾತಿಗೆ ಮುಂದೆ ಬರಬೇಕು.

ಕಬ್ಬಿಣದ ಕಸುಬಿಗೆ ಈ ಸೀಮೆಯಲ್ಲಿ ಬಿದ್ದ ಮೊದಲ ಏಟು ಟ್ರ್ಯಾಕ್ಟರಿಗಿಂತ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದ ಮೈಸೂರಿನ ಗೆಜೆಟಿಯರುಗಳು ಅದಿರಿನಿಂದ ಕಬ್ಬಿಣ ತೆಗೆಯುತ್ತಿದ್ದ ತಾಲ್ಲೂಕುಗಳನ್ನು ಹೆಸರಿಸುವಾಗ ಮಾಗಡಿ, ಚಿಕ್ಕನಾಯಕನಹಳ್ಳಿ, ಹೆಗ್ಗಡದೇವನಕೋಟೆಗಳ ಜೊತೆ ಮಳವಳ್ಳಿಯನ್ನೂ ಹೇಳುತ್ತವೆ. ಮದ್ದೂರಿನ ನೆರೆಯ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರು, ಅದು ದೂರ ದೂರದ ಸೀಮೆಗೆ ಹೋಗುತ್ತಿತ್ತು ಎಂದು 1800ರಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಈ ಒಲೆಗಳು ಇದ್ದಿಲನ್ನು ನುಂಗಿ ಬದುಕುವಂಥವು. ಕಾಡು ಸರ್ಕಾರದ ಮೀಸಲಾಯಿತು, ಇದ್ದಿಲು ದುಬಾರಿಯಾಯಿತು. 1880ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮದ್ದೂರು, ಮಂಡ್ಯದ ಮೇಲೆ ರೈಲು ಬಂತು. ಹಡಗಿನಲ್ಲಿ ಬಂದ ಸೀಮೆ ಕಬ್ಬಿಣಕ್ಕೆ ಊರೊಳಗೆ ಬರಲು ದಾರಿ ಸಿಕ್ಕಿತು. ಅದಿರು ಕರಗಿಸುವವರು ಉಳಿಯಲಿಲ್ಲ. ಮುಂದೆ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಎರೆಯಲು ಶುರುಮಾಡುವ ಹೊತ್ತಿಗೆ ಹಳ್ಳಿಯ ಕುಲುಮೆ ಹೊರಗಿನ ಪಟ್ಟಿ, ಕಂಬಿಗಳಿಗೆ ಒಗ್ಗಿಹೋಗಿತ್ತು. ನಮ್ಮ ಉಕ್ಕಿನಿಂದ ಡಮಾಸ್ಕಸ್ಸಿನ ಕತ್ತಿ ಆಯಿತು ಎಂಬ ಹೆಮ್ಮೆಯ ಭಾಷಣಗಳಲ್ಲಿ ಈ ಭಾಗ ಬಿಟ್ಟುಹೋಗುತ್ತದೆ (ಆ ಹೆಮ್ಮೆಯಿಂದ ಒಂದು ಚೀಲ ಇದ್ದಿಲೂ ಬರುವುದಿಲ್ಲ ಎನ್ನುವುದು ಬೇರೆ ಮಾತು). ನಮಗಿಲ್ಲಿ ಬೇಕಾದ ಸಂಗತಿ ಇಷ್ಟು: ಕಚ್ಚಾ ಮಾಲು ಪೂರ್ತಿ ಬದಲಾದರೂ ಕಮ್ಮಾರ ಬದುಕಿದ, ಯಾಕೆಂದರೆ ಅವನ ಕೂಲಿ ಕಣದಿಂದ ಬರುತ್ತಿತ್ತು, ಕಬ್ಬಿಣದ ವ್ಯಾಪಾರದಿಂದಲ್ಲ.

ಎರಡನೆಯ ಏಟು ಬಿದ್ದದ್ದು ಆ ಕಣಕ್ಕೆ. ಕನ್ನಂಬಾಡಿ ಕಟ್ಟೆ ಮುಗಿದು, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಬಯಲಿಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಬ್ಬು ಕಣಕ್ಕೆ ಬರುವ ಬೆಳೆಯಲ್ಲ. ಗದ್ದೆಯಿಂದ ಗಾಡಿಗೆ, ಗಾಡಿಯಿಂದ ಕಾರ್ಖಾನೆಯ ತೂಕದ ಕಾಟಾಕ್ಕೆ, ಇಲ್ಲವೇ ಪಕ್ಕದ ಆಲೆಮನೆಗೆ. ದುಡ್ಡು ತಿಂಗಳುಗಳ ಮೇಲೆ ರೈತನ ಕೈಗೆ. ಇದರಲ್ಲಿ ಕಮ್ಮಾರ ಮೊರ ಹಿಡಿದು ನಿಲ್ಲುವ ಜಾಗವೇ ಇಲ್ಲ. ರೇಷ್ಮೆಗೂ ಕಣವಿಲ್ಲ, ಎಳನೀರಿಗೂ ಇಲ್ಲ. ಭತ್ತ, ರಾಗಿಯ ಪಾಲು ಕುಗ್ಗಿದ ಹಾಗೆಲ್ಲ ಆಯದ ಬುಡವೂ ಸಡಿಲವಾಯಿತು. ಎತ್ತಿನ ಜಾಗಕ್ಕೆ ಬಂದ ಟಿಲ್ಲರಿನ ಕತೆ ಇದಕ್ಕೆಲ್ಲ ಮೂರು ದಶಕ ಆಚೆಯದು, ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಹುಟ್ಟಿದ್ದೇ 1967ರಲ್ಲಿ.

ಈ ವಾದಕ್ಕೆ ಮೇಲ್ನೋಟಕ್ಕೆ ಎದುರಾಗಿ ನಿಲ್ಲುವ ಸಾಕ್ಷಿಯೊಂದು ಮಂಡ್ಯದ್ದೇ ಇದೆ. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ 1954ರಿಂದ 56ರ ವರೆಗೆ ಮಂಡ್ಯ ಸಮೀಪದ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿ 1962ರಲ್ಲಿ ಪುಸ್ತಕ ಬರೆದರು. ಅವರು ವಂಗಲ ಎಂದು ಕರೆದ ಊರಿಗೆ ನಾಲೆ ನೀರು ಬಂದಿತ್ತು, ದಾಲೇನ ಎಂದು ಕರೆದ ಊರಿಗೆ ಬಂದಿರಲಿಲ್ಲ. ನೀರು ಬಂದ ಊರಿನಲ್ಲಿ ದುಡ್ಡು ಹೆಚ್ಚಿದರೂ ವಂಶಪಾರಂಪರ್ಯದ ಕೊಡುಕೊಳ್ಳುವ ಸಂಬಂಧಗಳು ಬಹುಮಟ್ಟಿಗೆ ಹಾಗೇ ನಿಂತಿದ್ದವು. ನೀರು ಬಾರದ ಊರಿನಲ್ಲಿ ಅವು ಕಳಚುತ್ತಿದ್ದವು. ಕಬ್ಬಿನ ದುಡ್ಡು ಆಯವನ್ನು ಮುರಿಯುವುದಾದರೆ ಕಬ್ಬು ಬೆಳೆದ ಊರಲ್ಲೇ ಮೊದಲು ಮುರಿಯಬೇಕಿತ್ತಲ್ಲ ಎಂದು ಕೇಳಬಹುದು. ಆದರೆ ನೀರು ಬಂದ ಊರು ಕಬ್ಬಿನ ಜೊತೆ ಭತ್ತವನ್ನೂ ಬೆಳೆಯಿತು. ಊರಿನ ಬಾಳು ಹೊಲದ ಸುತ್ತಲೇ ತಿರುಗುತ್ತಿತ್ತು, ಕಣದಲ್ಲಿ ಅಳೆದು ಕೊಡಲು ಕಾಳಿತ್ತು. ನೀರಿಲ್ಲದ ಊರಿನವರು ಮಂಡ್ಯ ಪಟ್ಟಣದ ಸಂಬಳಕ್ಕೆ, ಗಾಡಿ ಬಾಡಿಗೆಗೆ, ವ್ಯಾಪಾರಕ್ಕೆ ಮುಖ ಮಾಡಿದರು. ಅವರ ಕೈಗೆ ಬಂದದ್ದು ರೊಕ್ಕ. ಟ್ರ್ಯಾಕ್ಟರಿನ ಸದ್ದೂ ಇರದ ಕಾಲದಲ್ಲಿ, ನೇಗಿಲು ಇನ್ನೂ ಹೊಲದಲ್ಲಿರುವಾಗಲೇ ಅಲ್ಲಿ ಹಳೆಯ ಕಟ್ಟು ಬಿಚ್ಚುತ್ತಿತ್ತು. ಎಪ್‌ಸ್ಟೀನರ ಸಾಕ್ಷಿಯನ್ನು ನಾನು ಓದುವುದು ಹೀಗೆ.

ಇನ್ನು ಕಮ್ಮಾರನ ಕೈಯಲ್ಲಿರುವ ವಿದ್ಯೆಯ ಮಾತು. ಈಗಿನ ಮಚ್ಚು, ಕುಡ್ಲುಗಳ ಮೂಲ ಬಹುಮಟ್ಟಿಗೆ ಗುಜರಿ ಅಂಗಡಿಯ ಲಾರಿ ಕಮಾನುಪಟ್ಟಿ. ಕಿಟಕಿಯ ಸರಳು ಮಾಡುವ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.2ರ ಆಸುಪಾಸು ಇರುತ್ತದೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಅಲಗು ನಿಲ್ಲುವಷ್ಟು ಗಡಸಾಗದು. ಕಮಾನುಪಟ್ಟಿಯಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟಿದೆ. ಅದನ್ನು ಎಂಟುನೂರು ಡಿಗ್ರಿ ದಾಟುವ ತನಕ ಕಾಯಿಸಿ ಒಮ್ಮೆಗೇ ತಣಿಸಿದರೆ ಗಾಜಿಗೆ ಸಮೀಪವಾಗುವಷ್ಟು ಗಡಸು, ಅಷ್ಟೇ ಪೆಡಸು. ಎಳನೀರಿನ ಮಟ್ಟೆಗೆ ಹಾಕಿದ ಮೊದಲ ಏಟಿಗೇ ಅಂಚು ಚಕ್ಕೆ ಎದ್ದೀತು. ಆದ್ದರಿಂದ ಅಂಚನ್ನಷ್ಟೇ ಅದ್ದಿ, ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಅಂಚಿಗೆ ಹರಿಯಲು ಬಿಟ್ಟು, ಉಜ್ಜಿದ ಲೋಹದ ಮೇಲೆ ಮೂಡುವ ಬಣ್ಣವನ್ನು ಕಾಯುತ್ತಾರೆ. ಒಣಹುಲ್ಲಿನ ಹಳದಿ ಮೂಡಿದರೆ ಸುಮಾರು 220 ಡಿಗ್ರಿ, ಕಂದು, ನೇರಳೆ ದಾಟಿ ನೀಲಿಗೆ ಬಂದರೆ 300ರ ಹತ್ತಿರ. ಯಾವ ಬಣ್ಣದಲ್ಲಿ ಮತ್ತೆ ಅದ್ದಬೇಕು ಎಂಬುದು ಅಲಗು ಹುಲ್ಲಿಗೋ ಕಬ್ಬಿಗೋ ಸೌದೆಗೋ ಎಂಬುದರ ಮೇಲೆ ನಿಂತಿದೆ. ಕುಲುಮೆಯನ್ನು ಮಬ್ಬು ಬೆಳಕಿನಲ್ಲಿ ಕಟ್ಟುವುದು ಬಡತನದಿಂದಲ್ಲ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. ಈ ಕಡೆಯ ಎಷ್ಟೋ ಕುಲುಮೆಗಳ ಜಾಗದಲ್ಲಿ ಎದ್ದಿರುವ ವೆಲ್ಡಿಂಗ್ ಶಾಪಿನಲ್ಲಿ ಈ ಕೆಲಸ ಆಗುವುದಿಲ್ಲ. ಗೇಟು, ಗ್ರಿಲ್ಲು, ಟ್ರೇಲರಿನ ಬಿರುಕು ಅದರ ಕ್ಷೇತ್ರ. ಅಲ್ಲಿನ ಗ್ರೈಂಡರಿಗೆ ಮಚ್ಚು ಕೊಟ್ಟರೆ ಹೊಳೆಯುವ ಅಂಚು ಬರುತ್ತದೆ ನಿಜ, ಆದರೆ ಕಿಡಿ ಹಾರುವಾಗ ಆ ತೆಳು ಅಂಚು ನೀಲಿಗಟ್ಟಿದರೆ ಹದ ಹೋಯಿತು ಎಂದೇ ಅರ್ಥ. ಎರಡು ದಿನ ಹರಿತ, ಮೂರನೇ ದಿನ ಮೊಂಡು.

ಹದದ ಬೆಲೆ ರೈತನ ಲೆಕ್ಕದಲ್ಲಿ ಎಲ್ಲಿ ಕಾಣುತ್ತದೆ? ಕಬ್ಬಿನ ಕೂಳೆಯಲ್ಲಿ ಕಾಣುತ್ತದೆ. ಸಕ್ಕರೆಯ ಅಂಶ ಹೆಚ್ಚಿರುವುದು ಜಲ್ಲೆಯ ಬುಡದ ಗೆಣ್ಣುಗಳಲ್ಲಿ, ಆದ್ದರಿಂದ ನೆಲಮಟ್ಟಕ್ಕೆ ಕಡಿಯಬೇಕು. ಮೊಂಡು ಮಚ್ಚಿನಿಂದ ನೆಲಮಟ್ಟಕ್ಕೆ ಕಡಿದರೆ ಬುಡ ಸೀಳುತ್ತದೆ, ಸೀಳಿದ ಬುಡಕ್ಕೆ ರೋಗ ಹೊಕ್ಕುತ್ತದೆ, ಮುಂದಿನ ಕೂಳೆಯಲ್ಲಿ ಮೊಳಕೆ ಕುಗ್ಗುತ್ತದೆ. ಮೇಲಕ್ಕೆ ಕಡಿದರೆ ತೂಕವೂ ಸಕ್ಕರೆಯೂ ಗದ್ದೆಯಲ್ಲೇ ಉಳಿಯುತ್ತವೆ. ಹಿಪ್ಪುನೇರಳೆಯದೂ ಇದೇ ಪಾಡು: ಸಿಪ್ಪೆ ಕಿತ್ತುಬಂದ ಕಡ್ಡಿ ಒಣಗುತ್ತದೆ, ಚಿಗುರು ತಡವಾಗುತ್ತದೆ. ಈ ನಷ್ಟಕ್ಕೆ ಯಾರೂ ಬಿಲ್ಲು ಬರೆಯುವುದಿಲ್ಲ, ಹಾಗಾಗಿ ಮಚ್ಚು ಹದ ಹಾಕಿಸಿದ ಖರ್ಚಷ್ಟೇ ಕಣ್ಣಿಗೆ ಬೀಳುತ್ತದೆ.

ಅಂಗಡಿಯಲ್ಲಿ ಸಿದ್ಧ ಸಾಮಾನು ಅಗ್ಗಕ್ಕೆ ಸಿಗುವಾಗ ಕುಲುಮೆ ಯಾಕೆ ಎಂಬ ಆಕ್ಷೇಪಕ್ಕೆ ಅರ್ಧ ಒಪ್ಪಿಗೆ ಕೊಡಲೇಬೇಕು. ಟಾಟಾದ ಅಗ್ರಿಕೋ 1925ರಿಂದ ಗುದ್ದಲಿ, ಪಿಕಾಸಿಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯುತ್ತಿದೆ. ನಮ್ಮ ಹಾಸನದಲ್ಲೂ ಮೈಸೂರು ಇಂಪ್ಲಿಮೆಂಟ್ಸ್ ಫ್ಯಾಕ್ಟರಿ ಎಂಬ ಕಾರ್ಖಾನೆ ಇತ್ತು. ಒಂದೇ ಗುಣದ ಉಕ್ಕು, ಅಳೆದ ಕಾವು, ಒಂದರಂತೆ ಇನ್ನೊಂದು. ಗುದ್ದಲಿ, ಹಾರೆ, ಪಿಕಾಸಿಗಳಲ್ಲಿ ಕಮ್ಮಾರ ಕಾರ್ಖಾನೆಯ ಜೊತೆ ಸೆಣಸಬೇಕಿಲ್ಲ, ಸೆಣಸಿದರೆ ಸೋಲು ಖಂಡಿತ. ಆದರೆ ಕಾರ್ಖಾನೆ ಮಾರುವುದು ಹೊಸ ವಸ್ತುವನ್ನು. ಆರು ತಿಂಗಳ ಮೇಲೆ ಅದರ ಬಾಯಿ ಮಡಚಿಕೊಂಡಾಗ ಜಮ್‌ಶೆಡ್‌ಪುರಕ್ಕೆ ಕಳಿಸಲಾಗದು. ಕಾಯಿ ಕೆತ್ತುವವನ ಕೈಗೆ ಬೇಕಾದ ಬೆನ್ನಿನ ಭಾರ, ಕಡಿಯುವಾಗ ಬಾಗಬೇಕಾದ ಸೊಂಟದ ಎತ್ತರಕ್ಕೆ ಹೊಂದುವ ಹಿಡಿಯ ಓರೆ, ಇವೂ ಅಂಗಡಿಯಲ್ಲಿ ಸಿಗುವುದಿಲ್ಲ. ಹೆದ್ದಾರಿ ಬದಿಯಲ್ಲಿ ಟೆಂಟು ಹಾಕಿ, ನೆಲದ ಮೇಲೇ ಕುಲುಮೆ ಹೂಡಿ, ಮಚ್ಚು ಕೊಡಲಿ ಬಡಿದು ಮಾರುವ ಉತ್ತರದ ಅಲೆಮಾರಿ ಕುಟುಂಬಗಳು ಕರ್ನಾಟಕದ ಉದ್ದಗಲಕ್ಕೂ ಕಾಣಸಿಗುತ್ತವೆ. ಕೊಳ್ಳುವವರು ಇಲ್ಲದಿದ್ದರೆ ಅವರು ಅಷ್ಟು ದೂರದಿಂದ ಬರುತ್ತಿದ್ದರೇ?

ಯಂತ್ರ ಇವತ್ತು ಉಳುಮೆಯನ್ನು ಕಸಿದುಕೊಂಡಂತೆ ನಾಳೆ ಕೊಯ್ಲನ್ನೂ ಕಸಿದುಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಭತ್ತದಲ್ಲಿ ಇದು ಆಗಿಯೇ ಹೋಗಿದೆ, ಕಟಾವು ಯಂತ್ರ ಗದ್ದೆಗಿಳಿದ ಮೇಲೆ ಕುಡ್ಲಿಗೆ ಅಲ್ಲಿ ಕೆಲಸ ಕಡಿಮೆ. ಕಬ್ಬಿನಲ್ಲಿ ಅಷ್ಟು ಸಲೀಸಲ್ಲ. ಕಟಾವು ಯಂತ್ರಕ್ಕೆ ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಅಂತರ ಬೇಕು, ತಿರುಗಲು ಅಂಚಿನಲ್ಲಿ ಜಾಗ ಬೇಕು, ಒಂದೇ ಹರವಿನ ದೊಡ್ಡ ಗದ್ದೆ ಬೇಕು. 2015-16ರ ಕೃಷಿ ಗಣತಿಯಲ್ಲಿ ದೇಶದ ಶೇ. 86ರಷ್ಟು ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಚಿಕ್ಕವು. ನಾಲಾ ಬಯಲಿನ ಪಾಲಾದ ಗದ್ದೆಗಳು ಇನ್ನೂ ಸಣ್ಣವು. ತೆಂಗಿನ ಮರದ ತುದಿಗೂ ಹಿಪ್ಪುನೇರಳೆ ಸಾಲಿಗೂ ಯಂತ್ರ ಸದ್ಯಕ್ಕೆ ಬರುವಂತಿಲ್ಲ. ಮೇಲಾಗಿ ಯಂತ್ರವೂ ಸವೆಯುತ್ತದೆ. ಟ್ರ್ಯಾಕ್ಟರಿನ ಹಿಂದಿನ ಕಲ್ಟಿವೇಟರಿನ ಗುಳಗಳನ್ನು ಅದೇ ಬೆಣಚುಕಲ್ಲಿನ ಮರಳು ತಿನ್ನುತ್ತದೆ. ತಟ್ಟಿ ಮೂತಿ ಮಾಡಿಸಲು ರೈತರು ಕುಲುಮೆ ಇರುವ ಊರನ್ನು ಹುಡುಕಿಕೊಂಡು ಹೋಗುವುದುಂಟು. ಕುಲುಮೆಯನ್ನು ಕೊಂದಿತು ಎಂದು ನಾವು ದೂರುವ ಟ್ರ್ಯಾಕ್ಟರ್ ಅದಕ್ಕೆ ಗಿರಾಕಿಯೂ ಹೌದು.

ಈ ಎಲ್ಲಕ್ಕಿಂತ ತೂಕದ ಆಕ್ಷೇಪ ಜಾತಿಯದು. ಕುಲುಮೆ ಉಳಿಸುವ ಮಾತು ಎಂದರೆ ಕಮ್ಮಾರನ ಮಗ ಕಮ್ಮಾರನಾಗಿಯೇ ಇರಲಿ ಎಂಬ ಹಾರೈಕೆಯನ್ನು ಪರಂಪರೆಯ ಹೆಸರಿನಲ್ಲಿ ಮತ್ತೆ ಹೇರುವುದು ಎಂಬ ಅನುಮಾನ ನ್ಯಾಯವಾದದ್ದೇ. ಓದಿ ಬೆಂಗಳೂರು ಸೇರಿದ ಹುಡುಗನನ್ನು ತಿದಿ ಒತ್ತಲು ಕರೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಉಕ್ಕಿಗೆ ಹದ ಹಾಕುವ ವಿದ್ಯೆ ಯಾವ ಕುಲದ್ದೂ ಅಲ್ಲ. ಅಯಸ್ಕಾಂತ ಹಿಡಿಯದಷ್ಟು ಕಾದ ಮೇಲೆ, ಸುಮಾರು 770 ಡಿಗ್ರಿ ದಾಟಿ, ಇನ್ನೊಂದಿಷ್ಟು ಕಾವು ಕೊಟ್ಟು ಅದ್ದಬೇಕು ಎಂಬ ಸರಳ ಪರೀಕ್ಷೆಯನ್ನು ಐ.ಟಿ.ಐ. ಹುಡುಗ ಹುಡುಗಿಯರು ಯಾರು ಬೇಕಾದರೂ ಕಲಿಯಬಹುದು. ಕಸುಬನ್ನು ಜಾತಿಯಿಂದ ಬಿಡಿಸಬೇಕಾದರೆ ಅದು ಮೊದಲು ಮಾನವಾಗಿ ಬದುಕಿಸುವ ಕಸುಬಾಗಬೇಕು. ನಷ್ಟದ ಕಸುಬಿಗೆ ಹೊಸಬರು ಬರುವುದಿಲ್ಲ, ಹಳಬರೇ ಸಿಕ್ಕಿಕೊಂಡಿರುತ್ತಾರೆ.

ಸರ್ಕಾರದ ಯೋಜನೆ ಇದೆಯಲ್ಲ ಎನ್ನಬಹುದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಐದರಿಂದ ಏಳು ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಒಳ್ಳೆಯದೇ. ಆದರೆ ಅದರಲ್ಲಿ ಒಂದು ಕುಟುಂಬಕ್ಕೆ ಒಬ್ಬರಿಗೇ ಅವಕಾಶ; ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಕುಲುಮೆಯೋ ಒಬ್ಬರ ಕೈಯಲ್ಲಿ ನಡೆಯುವುದೇ ಅಲ್ಲ. ಇಕ್ಕಳ ಹಿಡಿದು ಚಿಕ್ಕ ಸುತ್ತಿಗೆಯಿಂದ ಜಾಗ ತೋರಿಸುವವರು ಒಬ್ಬರು, ಆ ಜಾಗಕ್ಕೆ ಸಮ್ಮಟಿಗೆ ಇಳಿಸುವವರು ಇನ್ನೊಬ್ಬರು. ಎಷ್ಟೋ ಕಡೆ ಆ ಇನ್ನೊಬ್ಬರು ಮನೆಯಾಕೆ. ಬೆಂಕಿಗೆ ಗಾಳಿ ಕೊಟ್ಟವಳೂ ಅವಳೇ, ಸಮ್ಮಟಿಗೆ ಎತ್ತಿದವಳೂ ಅವಳೇ, ಪಟ್ಟಿಯಲ್ಲಿ ಹೆಸರು ಮಾತ್ರ ಅವನದು. ಎರಡನೇ ಜೋಡಿ ಕೈ ಸಿಗದೆ ಮುಚ್ಚಿದ ಕುಲುಮೆಗೆ ಬೇಕಾದದ್ದು ಪವರ್ ಹ್ಯಾಮರ್. 15,000 ರೂಪಾಯಿಗೆ ಬ್ಲೋವರೂ ಗ್ರೈಂಡರೂ ಬಂದಾವು, ಅದು ಬಾರದು. ಸಾಲ ತೆಗೆದು ತರಬಹುದು, ಆದರೆ ಸಾಲದ ಕಂತು ತಿಂಗಳು ತಿಂಗಳೂ ಬರುತ್ತದೆ, ಗಿರಾಕಿ ಹಂಗಾಮಿಗೊಮ್ಮೆ ಬರುತ್ತಾನೆ.

ಹಾಗಾಗಿ ಸಲಕರಣೆಗಿಂತ ಮೊದಲು ಕಟ್ಟಬೇಕಾದದ್ದು ಕೂಲಿಯ ದಾರಿ. ಆಯದ ಜಾತಿಯನ್ನೂ ಕಾಳಿನ ಅಳತೆಯನ್ನೂ ಬಿಟ್ಟು, ಅದರ ವರ್ಷದ ಗುತ್ತಿಗೆಯನ್ನು ಮಾತ್ರ ಉಳಿಸಿಕೊಂಡರೆ ಸಾಕು. ಒಬ್ಬೊಬ್ಬ ರೈತನ ಜೊತೆ ಇದು ಕಷ್ಟ. ಅಲಗುಗಳು ಗುಂಪಾಗಿ ಇರುವ ಕಡೆ ಕಷ್ಟವಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಇಳಿಸುವವರ ಗುಂಪುಗಳಿವೆ. ಮಂಡ್ಯದ ಕಂಪನಿಗೂ, ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳಿಗೂ ಕಬ್ಬು ಕಡಿಯುವ ಗ್ಯಾಂಗುಗಳಿವೆ. 2014-15ರಿಂದ ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿರುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಲ್ಟಿವೇಟರಿನ ಗುಳ ಸವೆಯುತ್ತಲೇ ಇದೆ. ಹೋಬಳಿಗೊಂದು ಕುಲುಮೆ, ಅದಕ್ಕೊಂದು ಪವರ್ ಹ್ಯಾಮರ್, ಈ ಮೂರು ಕಡೆಯಿಂದ ತಲೆಗಿಷ್ಟು, ಯಂತ್ರಕ್ಕಿಷ್ಟು ಎಂದು ವರ್ಷದ ಕರಾರು. ಕರಾರಿನಲ್ಲಿ ಸಮ್ಮಟಿಗೆ ಎತ್ತುವವರ ಹೆಸರೂ ಇರಬೇಕು. ಹಣ ಯಾವಾಗ ಕೈಸೇರುತ್ತದೆ ಎಂಬುದೂ ಮುಖ್ಯ. ಹಳೆಯ ಕ್ರಮದಲ್ಲಿ ಸುಗ್ಗಿ ಮುಗಿದ ಮೇಲೆ ಕಾಳು ಬರುತ್ತಿತ್ತು, ಅಲ್ಲಿಯ ತನಕದ ಇದ್ದಿಲಿನ ಖರ್ಚು ಕಮ್ಮಾರನ ತಲೆಯ ಮೇಲೆ. ಇದ್ದಿಲು ಆಗ ಊರ ಜಾಲಿಯಿಂದಲೇ ಆಗುತ್ತಿತ್ತು. ಈಗ ಅದನ್ನೂ ಕಮಾನುಪಟ್ಟಿಯನ್ನೂ ರೊಕ್ಕ ಕೊಟ್ಟೇ ತರಬೇಕು. ಕರಾರಿನ ಅರ್ಧ ಹಣವನ್ನಾದರೂ ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆಯೇ ಕೊಟ್ಟಿರಬೇಕು.